ಕಾರಿನ ಆಯಿಲ್, ಫಿಲ್ಟರ್ ನಾವೇ ಬದಲಿಸುವುದು: ಸೊಸೈಟಿ ಪಾರ್ಕಿಂಗ್‌ನಲ್ಲಿ ಕೆಲಸ ಮಾಡುವವರಿಗೆ

ಹಳೆ ಆಯಿಲ್ ಇಳಿಸುವುದು, ಹೊಸ ಆಯಿಲ್ ಸುರಿಯುವುದು ಯಾರಿಗಾದರೂ ಬರುವ ಕೆಲಸ. ಕೆಡುವುದು ಬೇರೆ ಮೂರು ಕಡೆ: ತಳದ ಡ್ರೇನ್ ಬೋಲ್ಟನ್ನು ಮರಳಿ ಕೂರಿಸುವಾಗ, ಫಿಲ್ಟರ್ ಬಿಗಿಯುವಾಗ, ಆಯಿಲ್ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಓದುವಾಗ. ಆಯಿಲ್ ಬದಲಿಸಿದ ಮೇಲೆ ಎಂಜಿನ್ ಕೆಟ್ಟಿತು ಎಂಬ ದೂರಿನ ಬೆನ್ನು ಹತ್ತಿದರೆ ಸಾಮಾನ್ಯವಾಗಿ ಈ ಮೂರರಲ್ಲೊಂದು ಸಿಗುತ್ತದೆ. ಇವನ್ನು ಚೊಕ್ಕವಾಗಿ ಮಾಡಬಲ್ಲವರಿಗೆ ಮುಂಬೈ ಬಳಿಯ ಡೊಂಬಿವ್ಲಿಯ ಸ್ಟಿಲ್ಟ್ ಪಾರ್ಕಿಂಗ್ ಆದರೇನು, ಪುಣೆ ಬಳಿಯ ನಿಗಡಿಯ ರೋ ಹೌಸಿನ ಅಂಗಳವಾದರೇನು, ಒಂದು ಭಾನುವಾರದ ಬೆಳಗು ಸಾಕು.

ಒಂದು ಮಾತು ಮೊದಲೇ ಹೇಳಬೇಕು. ಕಾರು ಇನ್ನೂ ವಾರಂಟಿಯಲ್ಲಿದ್ದರೆ ಈ ಕೆಲಸವನ್ನು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೇ ಬಿಡಿ. ಎಂಜಿನ್ನಿನಲ್ಲಿ ಏನಾದರೂ ಆದರೆ ಅವರು ಮೊದಲು ಕೇಳುವುದು ಸರ್ವಿಸ್ ದಾಖಲೆ. ಮುಂದೆ ಬರೆದಿರುವುದು ವಾರಂಟಿ ಮುಗಿದ ಕಾರುಗಳಿಗೆ, ಮತ್ತು ಎರಡು ಸರ್ವಿಸುಗಳ ನಡುವೆ ಹೆಚ್ಚುವರಿಯಾಗಿ ಒಮ್ಮೆ ಆಯಿಲ್ ಬದಲಿಸಲು ಬಯಸುವವರಿಗೆ.

ಕಿಲೋಮೀಟರ್ ಅಷ್ಟೇ ಅಲ್ಲ, ಗಂಟೆಯನ್ನೂ ಎಣಿಸಿ

ನಮ್ಮ ದೇಶದ ಹೆಚ್ಚಿನ ಪೆಟ್ರೋಲ್ ಕಾರುಗಳ ಪುಸ್ತಕದಲ್ಲಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂದಿರುತ್ತದೆ. ಅದೇ ಪುಸ್ತಕದ ಇನ್ನೊಂದು ಪುಟದಲ್ಲಿ ಕಠಿಣ ಬಳಕೆಗೆ ಬೇರೆ ವೇಳಾಪಟ್ಟಿ ಇರುತ್ತದೆ. ನಿಂತು ನಿಂತು ಸಾಗುವ ಟ್ರಾಫಿಕ್, ಪದೇ ಪದೇ ಸಣ್ಣ ಓಡಾಟ, ಧೂಳು, ಬಹಳ ಹೊತ್ತಿನ ಐಡ್ಲಿಂಗ್, ಎಲ್ಲವೂ ಆ ಪಟ್ಟಿಯಲ್ಲಿ ಬರುತ್ತವೆ. ಮುಂಬೈ, ಪುಣೆಯ ದಿನನಿತ್ಯದ ಓಡಾಟ ಎಂದರೆ ಇದೇ.

ಲೆಕ್ಕ ಹಾಕಿದರೆ ಕಾರಣ ಕಣ್ಣಿಗೆ ಕಾಣುತ್ತದೆ. ಹೆದ್ದಾರಿಯಲ್ಲಿ ಸರಾಸರಿ 60 ಕಿ.ಮೀ. ವೇಗದಲ್ಲಿ 10,000 ಕಿ.ಮೀ. ಓಡಲು ಎಂಜಿನ್ ಸುಮಾರು 167 ಗಂಟೆ ತಿರುಗುತ್ತದೆ. ಹಿಂಜವಡಿಯ ಆಫೀಸ್ ಸಮಯದಲ್ಲೋ ಘಾಟ್‌ಕೋಪರ್–ಅಂಧೇರಿ ದಾರಿಯಲ್ಲೋ ಸರಾಸರಿ 15 ಕಿ.ಮೀ. ವೇಗ ಸಿಕ್ಕಿದರೆ ಅಷ್ಟೇ ದೂರಕ್ಕೆ 667 ಗಂಟೆ. ಓಡೋಮೀಟರ್ ಎರಡೂ ಕಾರಿನಲ್ಲಿ ಒಂದೇ ಅಂಕಿ ತೋರಿಸುತ್ತದೆ, ಆದರೆ ಆಯಿಲ್ ದುಡಿದದ್ದು ನಾಲ್ಕು ಪಟ್ಟು. ಪೂರ್ತಿ ಊರೊಳಗೇ ಓಡುವ ಕಾರಿಗೆ 5,000ದಿಂದ 7,000 ಕಿ.ಮೀ. ಅಥವಾ ಆರು ತಿಂಗಳಿಗೊಮ್ಮೆ ಬದಲಿಸುವುದು ಅತಿಯೇನಲ್ಲ.

ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲಿಸುವ ಸಣ್ಣ ಓಡಾಟಗಳು ಇನ್ನೂ ಕೆಟ್ಟವು. ಉರಿಯದೆ ಉಳಿದ ಪೆಟ್ರೋಲು ಸಿಲಿಂಡರ್ ಗೋಡೆಯಿಂದ ಜಾರಿ ಆಯಿಲ್‌ಗೆ ಸೇರುತ್ತದೆ. ಉರಿದಾಗ ಹುಟ್ಟಿದ ನೀರಾವಿಯೂ ತಣ್ಣನೆಯ ಭಾಗಗಳ ಮೇಲೆ ಹನಿಗಟ್ಟಿ ಒಳಗೇ ಉಳಿಯುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಇವೆರಡೂ ಆವಿಯಾಗಿ ಹೋಗುತ್ತವೆ. ಕಾಯದಿದ್ದರೆ ಆಯಿಲ್ ತೆಳುವಾಗಿ, ಹುಳಿಯಾಗಿ, ಕೆಸರು ಕಟ್ಟುತ್ತದೆ. ಆಯಿಲ್‌ನಲ್ಲಿ ಆಮ್ಲವನ್ನು ತಣಿಸುವ, ಮಸಿಯನ್ನು ಗಂಟು ಕಟ್ಟದಂತೆ ತೇಲಿಸಿಡುವ, ಲೋಹ ಲೋಹಕ್ಕೆ ಉಜ್ಜದಂತೆ ಕಾಯುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಮುಗಿದುಹೋಗುವುದು ಅವು. ಬರೀ ಬಣ್ಣ ಕಪ್ಪಾಗಿದ್ದಕ್ಕೆ ಆಯಿಲ್ ಕೆಟ್ಟಿತು ಎನ್ನಬೇಕಿಲ್ಲ. ಡೀಸೆಲ್ ಎಂಜಿನ್ನಿನಲ್ಲಂತೂ ಹೊಸ ಆಯಿಲ್ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ, ಅದು ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ಯಾವ ಆಯಿಲ್?

ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿ. "ನಮ್ಮ ಕಡೆ ಬಿಸಿಲು ಜಾಸ್ತಿ, ದಪ್ಪ ಆಯಿಲ್ ಹಾಕಿ" ಎಂದು ಅಂಗಡಿಯವರೂ ಹೇಳುತ್ತಾರೆ, ಪಕ್ಕದ ಮನೆಯವರೂ ಹೇಳುತ್ತಾರೆ. ಡಬ್ಬಿಯ ಮೇಲಿನ 0ಡಬ್ಲ್ಯೂ-20, 5ಡಬ್ಲ್ಯೂ-30, 15ಡಬ್ಲ್ಯೂ-40 ಎಂಬ ಅಂಕಿಗಳನ್ನು ಬಿಡಿಸಿ ನೋಡೋಣ.

ಡಬ್ಲ್ಯೂ ಜೊತೆಗಿರುವ ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಎಂಬುದಕ್ಕೆ. ಸ್ಟಾರ್ಟ್ ಮಾಡುವಾಗಿನ ಗಟ್ಟಿತನವನ್ನು 0ಡಬ್ಲ್ಯೂ ಆಯಿಲ್‌ನಲ್ಲಿ ಮೈನಸ್ 35 ಡಿಗ್ರಿಯಲ್ಲೂ 15ಡಬ್ಲ್ಯೂ ಆಯಿಲ್‌ನಲ್ಲಿ ಮೈನಸ್ 20 ಡಿಗ್ರಿಯಲ್ಲೂ ಪರೀಕ್ಷಿಸುತ್ತಾರೆ. ಪುಣೆಯ ಡಿಸೆಂಬರ್ ಅದರ ಹತ್ತಿರಕ್ಕೂ ಬರುವುದಿಲ್ಲ, ನಿಜ. ಆದರೆ ಬೆಳಗಿನ 25 ಡಿಗ್ರಿಯಲ್ಲೂ ತೆಳು ಆಯಿಲ್ ಬೇಗ ಮೇಲೇರಿ ವಾಲ್ವ್‌ಗಳನ್ನು ನಡೆಸುವ ಕ್ಯಾಮ್‌ಶಾಫ್ಟ್ ಮುಟ್ಟುತ್ತದೆ.

ಎರಡನೆಯ ಅಂಕಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಯಿಲ್ ಎಷ್ಟು ದಪ್ಪ ಎಂಬುದಕ್ಕೆ. 20 ಎಂದರೆ 6.9ರಿಂದ 9.3 ಸೆಂಟಿಸ್ಟೋಕ್ಸ್ (ದಪ್ಪದ ಅಳತೆ), 30 ಎಂದರೆ 12.5ರವರೆಗೆ, 40 ಎಂದರೆ 16.3ರವರೆಗೆ. ಹೊರಗೆ 20 ಡಿಗ್ರಿ ಇರಲಿ, 40 ಇರಲಿ, ಥರ್ಮೋಸ್ಟ್ಯಾಟ್ ಎಂಜಿನ್ ತಣಿಸುವ ಕೂಲೆಂಟನ್ನು 90 ಡಿಗ್ರಿಯ ಆಸುಪಾಸಿನಲ್ಲೇ ಹಿಡಿದಿಡುತ್ತದೆ, ಆಯಿಲ್‌ನ ಬಿಸಿಯೂ ಅದನ್ನೇ ಅನುಸರಿಸುತ್ತದೆ. ಆದ್ದರಿಂದ ಹೊರಗಿನ ಬಿಸಿಲು ನೋಡಿ ಎರಡನೆಯ ಅಂಕಿ ಏರಿಸುವುದರಲ್ಲಿ ಅರ್ಥವಿಲ್ಲ. ಈಗಿನ ಎಂಜಿನ್‌ಗಳ ಬೇರಿಂಗ್ ಸಂದು, ಆಯಿಲ್ ಪಂಪು, ಆಯಿಲ್ ಒತ್ತಡದಿಂದಲೇ ನಡೆಯುವ ವಾಲ್ವ್ ಟೈಮಿಂಗ್ ವ್ಯವಸ್ಥೆ, ಎಲ್ಲವನ್ನೂ ಒಂದು ನಿರ್ದಿಷ್ಟ ದಪ್ಪಕ್ಕೆ ಹೊಂದಿಸಿ ಮಾಡಿರುತ್ತಾರೆ. ಪುಸ್ತಕದಲ್ಲಿ 0ಡಬ್ಲ್ಯೂ-20 ಎಂದಿದ್ದರೆ ಅದನ್ನೇ ಹಾಕಿ. ಎರಡು ಗ್ರೇಡ್‌ಗಳಿಗೆ ಒಪ್ಪಿಗೆ ಇದ್ದು, ಕಾರು ಹಳೆಯದಾಗಿ ಸ್ವಲ್ಪ ಆಯಿಲ್ ಕುಡಿಯುತ್ತಿದ್ದರೆ ದಪ್ಪನೆಯದನ್ನು ಆರಿಸಬಹುದು.

ದಪ್ಪದ ಜೊತೆಗೆ ದರ್ಜೆಯನ್ನೂ ನೋಡಬೇಕು. ಪೆಟ್ರೋಲ್ ಕಾರಿಗೆ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಗುರುತಿನಲ್ಲಿ ಎಸ್ ಅಕ್ಷರದಿಂದ ಶುರುವಾಗುವ ದರ್ಜೆ. ಎಸ್‌ಎನ್ 2010ರದು, ಎಸ್‌ಪಿ 2020ರದು. ಹೊಸ ದರ್ಜೆಯನ್ನು ಹಳೆ ಪೆಟ್ರೋಲ್ ಕಾರಿಗೆ ಹಾಕಬಹುದು, ಹಿಂದುಮುಂದಾಗಿ ಬೇಡ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಎಗ್ಸಾಸ್ಟಿನ ಮಸಿ ಹಿಡಿಯುವ ಡಿಪಿಎಫ್ ಇದ್ದರೆ ಎಸಿಇಎ (ಯುರೋಪಿನ ಕಾರು ತಯಾರಕರ ಸಂಘ) ಗೊತ್ತುಪಡಿಸಿದ ಸಿ2, ಸಿ3ಯಂಥ ಕಡಿಮೆ ಬೂದಿಯ ಆಯಿಲ್ಲೇ ಬೇಕು. ಪುಸ್ತಕ ಯಾವುದನ್ನು ಹೇಳುತ್ತದೋ ಅದು. ಡಿಪಿಎಫ್ ತನ್ನಲ್ಲಿ ಸೇರಿದ ಮಸಿಯನ್ನು ಸುಟ್ಟು ಹಾಕುತ್ತದೆ, ಆಯಿಲ್‌ನ ಬೂದಿಯನ್ನು ಸುಡಲಾರದು. ಬೂದಿ ಅಲ್ಲೇ ತುಂಬುತ್ತಾ ಹೋಗುತ್ತದೆ, ಆ ಭಾಗ ಬದಲಿಸುವ ಖರ್ಚು ಹತ್ತಾರು ಆಯಿಲ್ ಬದಲಾವಣೆಗಳ ಖರ್ಚನ್ನು ಮೀರುತ್ತದೆ.

ಪ್ರಮಾಣ ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ. 1.2 ಲೀಟರ್ ವರ್ಗದ ಪೆಟ್ರೋಲ್ ಎಂಜಿನ್‌ಗಳಿಗೆ ಸಾಮಾನ್ಯವಾಗಿ 3ರಿಂದ ಮೂರೂವರೆ ಲೀಟರ್, 1.5 ಲೀಟರ್ ಡೀಸೆಲ್‌ಗಳಿಗೆ ನಾಲ್ಕೂವರೆಯಿಂದ ಐದೂವರೆ. ಪುಸ್ತಕದಲ್ಲಿ ಫಿಲ್ಟರ್ ಸಹಿತ, ಫಿಲ್ಟರ್ ರಹಿತ ಎಂದು ಎರಡು ಅಂಕಿ ಇರಬಹುದು. ನಮಗೆ ಬೇಕಾದದ್ದು ಫಿಲ್ಟರ್ ಸಹಿತದ್ದು.

ಏನೇನು ತರಬೇಕು

ಪುಣೆಯವರಿಗೆ ನಾನಾ ಪೇಠ್, ಮುಂಬೈಯವರಿಗೆ ಕುರ್ಲಾದ ಸಿಎಸ್‌ಟಿ ರೋಡ್, ಗಾಡಿ ಸಾಮಾನಿಗೆ ಹೆಸರಾದ ಜಾಗಗಳು. ಫಿಲ್ಟರ್ ಕೇಳುವಾಗ ಬರೀ ಕಾರಿನ ಹೆಸರು ಹೇಳಬೇಡಿ. ವರ್ಷ, ಪೆಟ್ರೋಲೋ ಡೀಸೆಲೋ, ಸಾಧ್ಯವಾದರೆ ಚಾಸಿ ನಂಬರು ಹೇಳಿ. ನೋಡಲು ಒಂದೇ ಥರ ಇರುವ ಎರಡು ಫಿಲ್ಟರುಗಳ ಥ್ರೆಡ್ ಬೇರೆ ಇರಬಹುದು, ಒಳಗಿನ ವಾಲ್ವಿನ ಒತ್ತಡ ಬೇರೆ ಇರಬಹುದು. ಜೊತೆಗೆ ಡ್ರೇನ್ ಬೋಲ್ಟಿನ ಹೊಸ ವಾಷರ್ ಮರೆಯದೆ ಕೇಳಿ. ಕೆಲವೇ ರೂಪಾಯಿಯ ಸಾಮಾನು, ಆದರೆ ಇಲ್ಲದಿದ್ದರೆ ಇಡೀ ಕೆಲಸ ಹನಿಯುತ್ತದೆ.

ಆಯಿಲ್ ಡಬ್ಬಿ ಕೊಳ್ಳುವಾಗ ಸೀಲ್ ನೋಡಿ, ಬ್ಯಾಚ್ ನಂಬರ್ ಮತ್ತು ತಯಾರಿಸಿದ ತಿಂಗಳು ಓದಿ, ಕ್ಯೂಆರ್ ಕೋಡ್ ಇದ್ದರೆ ಅಂಗಡಿಯಲ್ಲೇ ಸ್ಕ್ಯಾನ್ ಮಾಡಿ, ಬಿಲ್ ತೆಗೆದುಕೊಳ್ಳಿ. ಹೆಸರಾಂತ ಕಂಪನಿಗಳ ಖಾಲಿ ಡಬ್ಬಿಗೆ ಕಳಪೆ ಆಯಿಲ್ ತುಂಬಿ ಮಾರುವ ದಂಧೆ ಇದೆ. ಹಾಗಾಗಿ ನಿಮ್ಮ ಖಾಲಿ ಡಬ್ಬಿಯನ್ನು ಭಂಗಾರ್‌ವಾಲಾಗೆ (ಗುಜರಿಯವರಿಗೆ) ಹಾಕುವ ಮುನ್ನ ಚಾಕುವಿನಿಂದ ಸೀಳಿಬಿಡಿ.

ಉಳಿದಂತೆ ಬೋಲ್ಟಿಗೆ ಸರಿಹೊಂದುವ ರಿಂಗ್ ಸ್ಪ್ಯಾನರ್ ಅಥವಾ ಆರು ಮೂಲೆಯ ಸಾಕೆಟ್ (ಬಹಳಷ್ಟು ಕಾರುಗಳಲ್ಲಿ 14, 17 ಅಥವಾ 19 ನಂಬರ್), ಫಿಲ್ಟರ್ ತಲೆಗೆ ಟೋಪಿಯಂತೆ ಕೂರುವ ಕಪ್ ಪಾನಾ, ಆರು ಲೀಟರಾದರೂ ಹಿಡಿಯುವ ಅಗಲ ಬಾಯಿಯ ಟ್ರೇ, ಫನಲ್, ನೈಟ್ರೈಲ್ ಕೈಗವಸು, ಹಳೆ ಬನಿಯನ್ ಬಟ್ಟೆ. ಬಿಗಿತ ಅಳೆದು ತೋರಿಸುವ ಟಾರ್ಕ್ ಪಾನಾ ಒಂದಿದ್ದರೆ ಬಹಳ ಒಳ್ಳೆಯದು. ಓಪನ್ ಸ್ಪ್ಯಾನರ್ ಬೇಡ: ಬೋಲ್ಟಿನ ಎರಡೇ ಮುಖ ಹಿಡಿಯುವುದರಿಂದ ಜಾರಿ ಮೂಲೆಗಳನ್ನು ಸವೆಸುತ್ತದೆ, ಆಮೇಲೆ ಯಾವ ಪಾನಾಕ್ಕೂ ಹಿಡಿತ ಸಿಗುವುದಿಲ್ಲ.

ಕಾರಿನ ಕೆಳಗೆ ಹೋಗುವ ಮುನ್ನ

ಕಾರಿನ ಜೊತೆ ಬರುವ ಕತ್ತರಿ ಜಾಕಿ ಚಕ್ರ ಬದಲಿಸಲು ಮಾತ್ರ. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ, ಕೈ ಕೂಡ ಹಾಕಬೇಡಿ. ಇದರಲ್ಲಿ ರಿಯಾಯಿತಿಯೇ ಇಲ್ಲ. ಕಾರು ಜಾರಿದರೆ ಹೊರಬರಲು ಸಮಯ ಸಿಗುವುದಿಲ್ಲ. ಒಂದೋ ಗಟ್ಟಿ ರ‍್ಯಾಂಪ್ ಮೇಲೆ ಮುಂಚಕ್ರ ಏರಿಸಿ, ಇಲ್ಲವೇ ಟ್ರಾಲಿ ಜಾಕಿಯಿಂದ ಎತ್ತಿ ಎರಡೂ ಬದಿಗೆ ಜಾಕಿ ಸ್ಟ್ಯಾಂಡ್ ಕೊಟ್ಟು ಭಾರವನ್ನು ಅವುಗಳ ಮೇಲೆ ಇಳಿಸಿ. ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರ್ ಅಥವಾ ಪಾರ್ಕ್‌ನಲ್ಲಿಟ್ಟು, ಹಿಂದಿನ ಚಕ್ರಗಳಿಗೆ ಹಿಂದುಗಡೆಯಿಂದ ಗಟ್ಟಿ ಅಡ್ಡ ಕೊಡಿ. ಪುಶ್ ಬಟನ್ ಕಾರಾದರೆ ಕೀಲಿಯನ್ನು ಕಾರಿನಿಂದ ದೂರ ಇಡಿ. ಕೆಳಗೆ ನುಸುಳುವ ಮುನ್ನ ಕಾರನ್ನು ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿ.

ಸೊಸೈಟಿಗಳ ನೆಲ ಹೆಚ್ಚಾಗಿ ಪೇವರ್ ಬ್ಲಾಕ್. ಸ್ಟ್ಯಾಂಡಿನ ಕಾಲು ಅದರ ಸಂದಿನಲ್ಲಿ ಕುಸಿಯಬಹುದು, ಅಡಿಗೆ 18 ಎಂಎಂ ಪ್ಲೈವುಡ್ ತುಂಡು ಹಾಕಿ. ಆಯಿಲ್ ಬಿದ್ದರೆ ಪೇವರ್ ಹೀರಿಕೊಳ್ಳುತ್ತದೆ, ಕಲೆ ಹೋಗುವುದಿಲ್ಲ. ದಪ್ಪ ರಟ್ಟು, ಅದರ ಮೇಲೆ ಪ್ಲಾಸ್ಟಿಕ್ ಹಾಸಿಕೊಂಡೇ ಶುರು ಮಾಡಿ. ಯಂತ್ರದಲ್ಲಿ ಏರಿಳಿಯುವ ಪಜಲ್ ಪಾರ್ಕಿಂಗ್‌ನಲ್ಲಿ ಈ ಕೆಲಸ ಬೇಡವೇ ಬೇಡ. ಗೋವಾದ ಮನೆಯಂಗಳಗಳಲ್ಲಿ ಜಾಗಕ್ಕೆ ತೊಂದರೆಯಿಲ್ಲ, ಆದರೆ ನೆಲ ಇಳಿಜಾರು. ಸಮತಟ್ಟಾದ ಕಡೆ ಸಿಗದಿದ್ದರೆ ಕಾರು ಎತ್ತಬೇಡಿ.

ಎತ್ತಲು ಜಾಗವೇ ಇಲ್ಲದವರಿಗೆ ಇನ್ನೊಂದು ದಾರಿಯಿದೆ: ಡಿಪ್‌ಸ್ಟಿಕ್ ಕೊಳವೆಯೊಳಗೆ ತೆಳು ಪೈಪ್ ಇಳಿಸಿ ಹೀರುವ ಕೈಪಂಪು. ಡ್ರೇನ್ ಬೋಲ್ಟಿನ ಗೊಡವೆಯೇ ಇಲ್ಲ, ನೆಲಕ್ಕೆ ಹನಿ ಬೀಳುವುದಿಲ್ಲ. ಆದರೆ ಕೆಲವು ಎಂಜಿನ್‌ಗಳಲ್ಲಿ ಪೈಪು ತಳ ಮುಟ್ಟುವುದಿಲ್ಲ, ಅಡಿಯ ಗಸಿ ಉಳಿಯುತ್ತದೆ. ಫಿಲ್ಟರ್ ಮೇಲಿಂದ ಕೈಗೆ ಸಿಗುವ ಕಾರುಗಳಿಗೆ ಈ ವಿಧಾನ ಹೇಳಿ ಮಾಡಿಸಿದ್ದು. ಹಾಗಿದ್ದರೂ ಒಂದು ಸಲ ಬಿಟ್ಟು ಒಂದು ಸಲ ಕೆಳಗಿನ ಬೋಲ್ಟಿನಿಂದಲೇ ಇಳಿಸುವುದು ಮೇಲು.

ಡ್ರೇನ್ ಬೋಲ್ಟ್

ಎಂಜಿನ್ನನ್ನು ಐದಾರು ನಿಮಿಷ ಓಡಿಸಿ, ಆರಿಸಿ, ಹತ್ತು ಹದಿನೈದು ನಿಮಿಷ ಬಿಡಿ. ಬೆಚ್ಚಗಿನ ಆಯಿಲ್ ಸರಾಗವಾಗಿ ಹರಿದು ಕೊಳೆಯನ್ನೂ ಹೊತ್ತು ತರುತ್ತದೆ. ಲಾಂಗ್ ಡ್ರೈವ್‌ನಿಂದ ಬಂದ ತಕ್ಷಣ ಬಿಚ್ಚಿದರೆ ಮುಂಗೈ ಸುಡುತ್ತದೆ. ಮೇಲಿನ ಆಯಿಲ್ ಕ್ಯಾಪ್ ತೆಗೆದಿಡಿ, ಒಳಗೆ ಗಾಳಿ ಆಡಿದರೆ ಆಯಿಲ್ ಗಡಗಡನೆ ಇಳಿಯುತ್ತದೆ. ಕೆಳಗೆ ಪ್ಲಾಸ್ಟಿಕ್ ತಟ್ಟೆ ಇದ್ದರೆ ಅದರ ಕ್ಲಿಪ್‌ಗಳ ನಡುವಿನ ಮೊಳೆಯನ್ನು ಮೊದಲು ಎಬ್ಬಿಸಿ, ಆಮೇಲೆ ಕ್ಲಿಪ್ ಎಳೆಯಿರಿ.

ಈಗ ಸರಿಯಾದ ಬೋಲ್ಟ್ ಹುಡುಕಿ. ಗೇರ್‌ಬಾಕ್ಸಿಗೂ ಅಂಥದೇ ಒಂದು ಬೋಲ್ಟ್ ಪಕ್ಕದಲ್ಲೇ ಇರುತ್ತದೆ. ಎಂಜಿನ್ ಎಂದುಕೊಂಡು ಗೇರ್‌ಬಾಕ್ಸ್ ಖಾಲಿ ಮಾಡಿ, ತುಂಬಿದ್ದ ಎಂಜಿನ್‌ಗೆ ಮತ್ತೆ ಮೂರು ಲೀಟರ್ ಸುರಿದರೆ ಒಂದೇ ಸಲಕ್ಕೆ ಎರಡೂ ಹಾಳು. ಡಿಪ್‌ಸ್ಟಿಕ್ ಮತ್ತು ಫಿಲ್ಟರ್ ಇರುವ ಭಾಗದ ಕೆಳಗಿನ, ಆಯಿಲ್ ನಿಲ್ಲುವ ಚೇಂಬರ್ ಎಂಜಿನ್ನಿನದು, ಡ್ರೈವ್ ಶಾಫ್ಟ್‌ಗಳು ಹೊರಡುವ ಪೆಟ್ಟಿಗೆ ಗೇರ್‌ಬಾಕ್ಸಿನದು. ಹೋಂಡಾ ಕಾರುಗಳ ಗೇರ್‌ಬಾಕ್ಸ್ ಬೋಲ್ಟಿನ ತಲೆಯಲ್ಲಿ ಚೌಕಾಕಾರದ ತೂತು ಇರುತ್ತದೆ, ಎಂಜಿನ್ ಬೋಲ್ಟಿಗೆ ಸಾಮಾನ್ಯ ಆರು ಮೂಲೆ. ಬಿಚ್ಚಿದಾಗ ಕಪ್ಪು ಆಯಿಲ್ ಬದಲು ಕೆಂಪಗೋ ತಿಳಿಯಾಗಿಯೋ ಏನಾದರೂ ಬಂದರೆ ತಕ್ಷಣ ಮುಚ್ಚಿ, ಪುಸ್ತಕ ತೆರೆಯಿರಿ.

ಬೋಲ್ಟಿನ ತಲೆಗೆ ಎದುರಾಗಿ ನೋಡುತ್ತಾ ಅಪ್ರದಕ್ಷಿಣವಾಗಿ ಸಡಿಲಿಸಿ. ಮೊದಲ ಹಿಡಿತ ಬಿಟ್ಟ ಮೇಲೆ ಪಾನಾ ಪಕ್ಕಕ್ಕಿಟ್ಟು ಬೆರಳಿನಿಂದ ತಿರುಗಿಸಿ. ತಿರುಗಿಸುವಾಗ ಬೋಲ್ಟನ್ನು ಮೇಲಕ್ಕೆ ಒತ್ತಿಕೊಂಡೇ ಇರಬೇಕು. ಥ್ರೆಡ್ ಪೂರ್ತಿ ಬಿಟ್ಟಿತು ಎಂದು ಬೆರಳಿಗೆ ಗೊತ್ತಾದಾಗ ಒಮ್ಮೆಗೇ ಪಕ್ಕಕ್ಕೆ ಎಳೆದುಕೊಳ್ಳಿ. ಆಯಿಲ್ ಮೊದಲು ನೇರ ಕೆಳಗೆ ಬೀಳುವುದಿಲ್ಲ, ಕಮಾನಿನಂತೆ ಒಂದು ಗೇಣು ಆಚೆ ಚಿಮ್ಮುತ್ತದೆ. ಟ್ರೇ ಆ ದಿಕ್ಕಿಗೆ ಸರಿದಿರಲಿ, ಧಾರೆ ಸಣ್ಣದಾದಂತೆ ಬೋಲ್ಟಿನ ನೇರಕ್ಕೆ ತನ್ನಿ. ಹನಿಗಳ ನಡುವೆ ಕೆಲವು ಸೆಕೆಂಡು ಅಂತರ ಬರುವವರೆಗೆ, ಎಂದರೆ ಸುಮಾರು 15–20 ನಿಮಿಷ ಬಿಡಿ.

ಅಷ್ಟರಲ್ಲಿ ಇಳಿದ ಆಯಿಲ್ ನೋಡಿ, ಅದು ಎಂಜಿನ್ನಿನ ಆರೋಗ್ಯ ಹೇಳುತ್ತದೆ. ಬಿಳಿ ಕಾಗದದ ಮೇಲೆ ಒಂದು ಹನಿ ಹಚ್ಚಿ ಬಿಸಿಲಿಗೆ ಹಿಡಿಯಿರಿ. ಮಿನುಗುವ ಲೋಹದ ಪುಡಿ ಕಂಡರೆ ಬೇರಿಂಗ್ ಸವೆಯುತ್ತಿರಬಹುದು. ಪೆಟ್ರೋಲಿನ ಘಾಟು ಜೋರಾಗಿದ್ದರೆ ಸಣ್ಣ ಓಡಾಟ ಹೆಚ್ಚು, ಅಥವಾ ಇಂಜೆಕ್ಟರ್ ಸೋರಿಕೆ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ನೀರೋ ಕೂಲೆಂಟೋ ಸೇರಿದೆ, ಕಾರಣ ಹುಡುಕದೆ ಹೊಸ ಆಯಿಲ್ ಹಾಕಿ ಪ್ರಯೋಜನವಿಲ್ಲ. ಕೆಲವು ಬೋಲ್ಟಿನ ತುದಿಯಲ್ಲಿ ಅಯಸ್ಕಾಂತ ಇರುತ್ತದೆ. ಅದಕ್ಕೆ ಅಂಟಿದ ನುಣುಪಾದ ಬೂದು ಲೇಪ ಸಹಜ, ಚಕ್ಕೆಗಳು ಸಹಜವಲ್ಲ.

ಇನ್ನು ಬೋಲ್ಟ್ ಮರಳಿ ಕೂರಿಸುವುದು. ಹಳೆ ವಾಷರ್ ಬೋಲ್ಟಿನ ಜೊತೆ ಬರದೆ ಚೇಂಬರಿಗೇ ಅಂಟಿಕೊಂಡಿರಬಹುದು, ಉಗುರಿನಿಂದ ಕೆರೆದು ನೋಡಿ. ಅಲ್ಯುಮಿನಿಯಂ ಅಥವಾ ತಾಮ್ರದ ವಾಷರ್ ಒಮ್ಮೆ ಅಮುಕಿ ಸೀಲ್ ಆಗುತ್ತದೆ, ಎರಡನೆಯ ಸಲ ಅದೇ ಬಿಗಿತಕ್ಕೆ ಸೀಲ್ ಆಗದು. ಹನಿಯುತ್ತಿದೆ ಎಂದು ಇನ್ನಷ್ಟು ಬಿಗಿಯುತ್ತಾರೆ, ಅಲ್ಲಿಂದಲೇ ಥ್ರೆಡ್ ಹೋಗುವ ಕಥೆ ಶುರು. ಹೊಸ ವಾಷರ್ ಹಾಕಿ, ಕೂರುವ ಮುಖವನ್ನು ಬಟ್ಟೆಯಿಂದ ಒರೆಸಿ, ಬೋಲ್ಟನ್ನು ಬರೀ ಬೆರಳಿನಿಂದ ನಾಲ್ಕೈದು ಸುತ್ತು ತಿರುಗಿಸಿ. ಒಂದೇ ಸುತ್ತಿಗೆ ಬಿಗಿಯಾಯಿತು ಎಂದರೆ ಅಡ್ಡ ಕೂತಿದೆ. ಬಿಚ್ಚಿ ಮತ್ತೆ ಶುರು ಮಾಡಿ, ಪಾನಾದಿಂದ ದಾರಿಗೆ ತರಲು ಹೋಗಬೇಡಿ.

ಬಿಗಿತ ಬಹಳಷ್ಟು ಸಣ್ಣ ಕಾರುಗಳಲ್ಲಿ 30ರಿಂದ 40 ನ್ಯೂಟನ್ ಮೀಟರ್. ನಿಮ್ಮ ಕಾರಿನ ನಿಖರ ಅಂಕಿ ಸರ್ವಿಸ್ ಮ್ಯಾನ್ಯುಅಲ್‌ನಲ್ಲಿದೆ. 35 ಎಂದುಕೊಂಡರೆ, 20 ಸೆಂ.ಮೀ. ಉದ್ದದ ಪಾನಾದ ತುದಿಯಲ್ಲಿ ಸುಮಾರು 18 ಕೆ.ಜಿ. ಭಾರದಷ್ಟು ಎಳೆತ. ಒಂದು ಕೈಯ ಗಟ್ಟಿ ಎಳೆತ, ಅಷ್ಟೇ. ಅದೇ ಎಳೆತವನ್ನು 45 ಸೆಂ.ಮೀ. ರಾಡಿನ ತುದಿಯಲ್ಲಿ ಕೊಟ್ಟರೆ 80 ನ್ಯೂಟನ್ ಮೀಟರ್ ಹತ್ತಿರ ಹೋಗುತ್ತದೆ, ಅಲ್ಯುಮಿನಿಯಂ ಚೇಂಬರಿನ ಥ್ರೆಡ್ ಕಿತ್ತು ಬರುತ್ತದೆ. ಆಮೇಲೆ ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ಸುರುಳಿ) ಹಾಕಿಸಬೇಕು, ಇಲ್ಲವೇ ಚೇಂಬರನ್ನೇ ಬದಲಿಸಬೇಕು. ಟಾರ್ಕ್ ಪಾನಾ ಇಲ್ಲದವರು ಚಿಕ್ಕ ಪಾನಾ ಹಿಡಿಯಿರಿ: ವಾಷರ್ ತಾಗಿದ್ದು ಕೈಗೆ ತಿಳಿಯುತ್ತದೆ, ನಂತರ ಅಮುಕಿದ್ದು ತಿಳಿಯುತ್ತದೆ, ಅಲ್ಲಿಗೆ ನಿಲ್ಲಿಸಿ.

ಕರಾವಳಿಯ ಕಾರುಗಳ ಬಗ್ಗೆ ಒಂದು ಮಾತು. ಉಪ್ಪುಗಾಳಿಯಲ್ಲಿ ನಿಲ್ಲುವ ಕಾರಿನ ಕಬ್ಬಿಣದ ಚೇಂಬರು, ಬೋಲ್ಟಿನ ತಲೆ ಬೇಗ ತುಕ್ಕು ಹಿಡಿಯುತ್ತವೆ. ಮೂಲೆ ಸವೆಯತೊಡಗಿದ ಬೋಲ್ಟನ್ನು ಈ ಸಲವೇ ಬದಲಿಸಿ.

ಫಿಲ್ಟರ್

ಫಿಲ್ಟರ್ ಎರಡು ಬಗೆ. ಡಬ್ಬಿಯಂತೆ ಇಡಿಯಾಗಿ ತಿರುಗಿಸಿ ಹಾಕುವುದು ಒಂದು, ಪ್ಲಾಸ್ಟಿಕ್ ಮುಚ್ಚಳದೊಳಗೆ ಕಾಗದದ ತಿರುಳು ಮಾತ್ರ ಬದಲಿಸುವುದು ಇನ್ನೊಂದು. ಡಬ್ಬಿಯೊಳಗೆ ಕಾಗದದ ಮಡಿಕೆಗಳ ಜೊತೆ ಎರಡು ಪುಟ್ಟ ವಾಲ್ವ್‌ಗಳಿರಬಹುದು. ಒಂದು, ಎಂಜಿನ್ ಆರಿಸಿದಾಗ ಆಯಿಲ್ ಕೆಳಗೆ ಇಳಿದುಹೋಗದಂತೆ ತಡೆಯುವ ರಬ್ಬರ್. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟಕಟಕ ಸದ್ದು ಬಾರದಿರಲು ಇದೂ ಕಾರಣ. ಇನ್ನೊಂದು, ಕಾಗದ ಕಟ್ಟಿಕೊಂಡರೆ ಸೋಸದ ಆಯಿಲನ್ನೇ ಬೇರಿಂಗ್‌ಗಳಿಗೆ ಬಿಡುವ ಬೈಪಾಸ್. ಕೊಳಕು ಆಯಿಲ್ ಸಿಕ್ಕರೂ ಸರಿ, ಆಯಿಲ್ಲೇ ಇಲ್ಲದ ಸ್ಥಿತಿ ಬರಬಾರದು ಎಂಬುದು ಅದರ ಲೆಕ್ಕ. ಹಳೆ ಫಿಲ್ಟರ್ ಬಿಟ್ಟು ಬರೀ ಆಯಿಲ್ ಬದಲಿಸಿ ಉಳಿಸುವ ಹಣ ನೂರಿನ್ನೂರು ರೂಪಾಯಿ, ಅದಕ್ಕೆ ಹಳೆ ಫಿಲ್ಟರಿನಲ್ಲಿ ನಿಂತ ಕೊಳೆ ಆಯಿಲ್ ಹೊಸದಕ್ಕೆ ಬೆರೆಯುತ್ತದೆ.

ಫಿಲ್ಟರ್ ಸುತ್ತ ಪ್ಲಾಸ್ಟಿಕ್ ಚೀಲ ಹಿಡಿದು ಬಿಚ್ಚಿದರೆ ಒಳಗಿನ ಆಯಿಲ್ ಎಗ್ಸಾಸ್ಟ್ ಪೈಪಿನ ಮೇಲೆ ಹರಿಯದು. ಬಿಚ್ಚಿದ ಕೂಡಲೇ ಹಳೆ ಫಿಲ್ಟರನ್ನು ತಿರುಗಿಸಿ ನೋಡಿ: ಅಂಚಿನ ರಬ್ಬರ್ ಗ್ಯಾಸ್ಕೆಟ್ ಅದರ ಮೇಲೇ ಇದೆಯೇ? ಇಲ್ಲದಿದ್ದರೆ ಅದು ಎಂಜಿನ್ನಿಗೆ ಅಂಟಿದೆ. ಕರಿ ಆಯಿಲ್ ಮೆತ್ತಿದ ಲೋಹದ ಮೇಲೆ ಕರಿ ರಬ್ಬರ್ ಕಣ್ಣಿಗೆ ಬೀಳುವುದೇ ಇಲ್ಲ, ಬೆರಳಾಡಿಸಿ ಸುತ್ತಲೂ ತಡವಬೇಕು. ಅದರ ಮೇಲೆಯೇ ಹೊಸ ಫಿಲ್ಟರ್ ಕೂರಿಸಿದರೆ ಎರಡು ರಬ್ಬರುಗಳು ಒಂದರ ಮೇಲೊಂದು ಕೂತು, ಒತ್ತಡ ಏರಿದಾಗ ಒಂದು ಹೊರಕ್ಕೆ ತಳ್ಳಿಕೊಳ್ಳುತ್ತದೆ. ಆಯಿಲ್ ಕೆಲವೇ ನಿಮಿಷಗಳಲ್ಲಿ ರಸ್ತೆಯ ಪಾಲು, ಎಂಜಿನ್ ಸೀಜ್. ಇಡೀ ಕೆಲಸದಲ್ಲಿ ಅತ್ಯಂತ ದುಬಾರಿಯಾಗುವ ತಪ್ಪು ಇದು. ತಪ್ಪಿಸಲು ಹತ್ತು ಸೆಕೆಂಡು ಸಾಕು.

ಕೂರುವ ಮುಖ ಒರೆಸಿ, ಹೊಸ ಫಿಲ್ಟರಿನ ಗ್ಯಾಸ್ಕೆಟ್ಟಿಗೆ ಹೊಸ ಆಯಿಲ್ ತೆಳುವಾಗಿ ಸವರಿ. ಒಣ ರಬ್ಬರ್ ತಿರುಗುವಾಗ ಸುಕ್ಕಾಗುತ್ತದೆ. ಕೈಯಿಂದಲೇ ತಿರುಗಿಸುತ್ತಾ ಹೋಗಿ, ಗ್ಯಾಸ್ಕೆಟ್ ತಾಗಿದ ಜಾಗದಿಂದ ಮುಕ್ಕಾಲು ಸುತ್ತು ಬಿಗಿಯಿರಿ. ಫಿಲ್ಟರ್ ಮೈಮೇಲೆ ಬೇರೆ ಅಳತೆ ಬರೆದಿದ್ದರೆ ಅದರಂತೆ. ಮೊದಲೇ ಮಾರ್ಕರಿನಿಂದ ಒಂದು ಗೆರೆ ಎಳೆದುಕೊಂಡರೆ ಮುಕ್ಕಾಲು ಸುತ್ತು ಎಷ್ಟು ಎಂಬ ಅನುಮಾನ ಇರುವುದಿಲ್ಲ. ಕಪ್ ಪಾನಾ ಇರುವುದು ಬಿಚ್ಚಲು. ಅದರಿಂದ ಬಿಗಿದರೆ ಮುಂದಿನ ಸಲ ಡಬ್ಬಿ ನಜ್ಜುಗುಜ್ಜಾದರೂ ಬಿಚ್ಚದು.

ತಿರುಳು ಬದಲಿಸುವ ಬಗೆಯಲ್ಲಿ ಮುಚ್ಚಳದ ಓ-ರಿಂಗ್ ಬದಲಿಸುವುದೇ ಮುಖ್ಯ. ಹೊಸ ಓ-ರಿಂಗ್ ಹಳೆಯದು ಇದ್ದ ತೋಡಿನಲ್ಲೇ ಕೂರಬೇಕು, ಪಕ್ಕದ ತೋಡಿನಲ್ಲಿ ಕೂತರೆ ಸೋರುತ್ತದೆ. ಬಿಗಿತದ ಅಂಕಿ ಸಾಮಾನ್ಯವಾಗಿ ಮುಚ್ಚಳದ ಮೇಲೆಯೇ ಅಚ್ಚಾಗಿರುತ್ತದೆ, ಬಹಳ ಕಡೆ 25 ನ್ಯೂಟನ್ ಮೀಟರ್. ಪ್ಲಾಸ್ಟಿಕ್ ಆದ್ದರಿಂದ ಮೀರಿದರೆ ಬಿರುಕು.

ಮಟ್ಟ

ಕಾರನ್ನು ನೆಲಕ್ಕಿಳಿಸಿ ಸಮತಟ್ಟಾಗಿ ನಿಲ್ಲಿಸಿದ ಮೇಲೆಯೇ ಅಳತೆ. ಪುಸ್ತಕದ ಪ್ರಮಾಣಕ್ಕಿಂತ ಅರ್ಧ ಲೀಟರ್ ಕಡಿಮೆ ಸುರಿಯಿರಿ, ಕ್ಯಾಪ್ ಹಾಕಿ ಸ್ಟಾರ್ಟ್ ಮಾಡಿ. ಹೊಸ ಫಿಲ್ಟರ್ ತುಂಬುವವರೆಗೆ ಕೆಂಪು ಆಯಿಲ್ ದೀಪ ಒಂದೆರಡು ಸೆಕೆಂಡು ಹೆಚ್ಚು ಉರಿಯಬಹುದು. ಐದಾರು ಸೆಕೆಂಡಾದರೂ ಆರದಿದ್ದರೆ ತಕ್ಷಣ ಎಂಜಿನ್ ನಿಲ್ಲಿಸಿ. ಈ ಹೊತ್ತಿನಲ್ಲಿ ಆಕ್ಸಿಲರೇಟರ್ ಮುಟ್ಟಬೇಡಿ. ಆ ದೀಪ ತೋರಿಸುವುದು ಒತ್ತಡವನ್ನು, ಮಟ್ಟವನ್ನಲ್ಲ. ಆಯಿಲ್ ಒಂದು ಲೀಟರ್ ಕಡಿಮೆಯಾದರೂ ದೀಪ ಸುಮ್ಮನಿರಬಹುದು. ಒಂದು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಬೋಲ್ಟ್, ಫಿಲ್ಟರ್ ಎರಡರ ಸುತ್ತ ಟಾರ್ಚ್ ಹಿಡಿದು ನೋಡಿ, ಆಮೇಲೆ ಆರಿಸಿ ಐದು ನಿಮಿಷ ಕಾಯಿರಿ.

ಡಿಪ್‌ಸ್ಟಿಕ್ ಎಳೆದು, ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ಓದಿ. ಕಡ್ಡಿಯ ಎರಡು ಮುಖ ಬೇರೆ ಬೇರೆ ಮಟ್ಟ ತೋರಿಸಿದರೆ ಕಡಿಮೆಯದನ್ನೇ ನಂಬಿ. ಹೊಸ ಆಯಿಲ್ ತಿಳಿಯಾದ್ದರಿಂದ ಗೆರೆ ಕಾಣುವುದು ಕಷ್ಟ, ಕಡ್ಡಿಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕನಿಷ್ಠ, ಗರಿಷ್ಠ ಗುರುತುಗಳ ನಡುವಿನ ಅಂತರ ಬಹಳ ಕಾರುಗಳಲ್ಲಿ ಒಂದು ಲೀಟರಿನ ಆಸುಪಾಸು. ನೂರು, ಇನ್ನೂರು ಮಿಲಿಯಂತೆ ಸೇರಿಸುತ್ತಾ ಮುಕ್ಕಾಲು ಭಾಗಕ್ಕೆ ತಂದು ನಿಲ್ಲಿಸಿ.

ಡಬ್ಬಿಯಲ್ಲಿ ಉಳಿದಿದೆ ಎಂದು ಸುರಿದುಬಿಡುವ ಅಭ್ಯಾಸ ಬೇಡ. ಮಟ್ಟ ಗರಿಷ್ಠ ಮೀರಿದರೆ ತಿರುಗುವ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆಯಲ್ಲಿ ಗಾಳಿ ಇರುವುದರಿಂದ ಬೇರಿಂಗ್‌ಗೆ ಸಿಗಬೇಕಾದ ಪದರ ಸಿಗುವುದಿಲ್ಲ. ಕಡಿಮೆಯಾದರೆ ಕಶೇಡಿ, ಚೋರ್ಲಾದಂಥ ಘಾಟಿಯ ತಿರುವುಗಳಲ್ಲಿ ಆಯಿಲ್ ಒಂದು ಬದಿಗೆ ಸರಿದಾಗ ಪಂಪು ಗಾಳಿ ಹೀರುತ್ತದೆ. ಡಿಪಿಎಫ್ ಇರುವ ಡೀಸೆಲ್ ಕಾರಿನಲ್ಲಿ ಮಸಿ ಸುಡಲು ಬಿಟ್ಟ ಡೀಸೆಲ್ ಆಯಿಲ್‌ಗೆ ಸೇರಿ ಮಟ್ಟ ತಾನಾಗಿಯೇ ಏರುವುದೂ ಉಂಟು. ಅಂಥ ಕಾರುಗಳಲ್ಲಿ ತಿಂಗಳಿಗೊಮ್ಮೆ ಕಡ್ಡಿ ನೋಡಿ.

ಮಳೆಗಾಲ ಮತ್ತು ನೀರು ನುಗ್ಗಿದ ಕಾರು

ರಾತ್ರಿ ಪಾರ್ಕಿಂಗ್‌ನಲ್ಲಿ ನೀರು ನಿಂತು ಕಾರಿನ ಚಕ್ರ ಮುಳುಗಿದ್ದರೆ ಬೆಳಗ್ಗೆ ಸ್ಟಾರ್ಟ್ ಮಾಡಿ ನೋಡುವ ಆಸೆ ತಡೆಯಿರಿ. ಸಿಲಿಂಡರಿನಲ್ಲಿ ನೀರಿದ್ದರೆ ಪಿಸ್ಟನ್ ಅದನ್ನು ಅಮುಕಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ಬ್ಯಾಟರಿ ಕಳಚಿ, ಡಿಪ್‌ಸ್ಟಿಕ್ ನೋಡಿ, ಏರ್ ಫಿಲ್ಟರ್ ಪೆಟ್ಟಿಗೆ ಬಿಚ್ಚಿ ಕಾಗದ ಒದ್ದೆಯಾಗಿದೆಯೇ ನೋಡಿ. ಮಟ್ಟ ಏರಿದ್ದರೆ, ಆಯಿಲ್ ಬಿಳಿಚಿದ್ದರೆ ಅದು ಮನೆಯ ಕೆಲಸವಲ್ಲ. ಟೋ ಮಾಡಿಸಿ, ವಿಮೆಯವರಿಗೆ ತಿಳಿಸಿ.

ಇಳಿಸಿದ ಆಯಿಲ್ ಎಲ್ಲಿಗೆ?

ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬರುತ್ತದೆ. ಸುಟ್ಟು ಸುಟ್ಟು ಅದರಲ್ಲಿ ಚರ್ಮಕ್ಕೆ ಕೆಡುಕಾದ, ಕ್ಯಾನ್ಸರ್ ತರಬಲ್ಲ ಸಂಯುಕ್ತಗಳು ಸೇರಿರುತ್ತವೆ, ಕೈಗವಸು ಬೇಕೆಂದದ್ದು ಅದಕ್ಕೇ. ಸೊಸೈಟಿಯ ಗಟಾರಕ್ಕೆ ಸುರಿದದ್ದು ಮುಂಬೈಯಲ್ಲಿ ಮೀಠಿ ನದಿಗೋ ಖಾಡಿಗೋ, ಪುಣೆಯಲ್ಲಿ ಮುಳಾ–ಮುಠಾಗೋ ಹೋಗಿ ಸೇರುತ್ತದೆ. ಸೆಂಟ್ರಿಂಗ್ ಹಲಗೆಗೆ ಸವರಲೆಂದೋ ಗೆದ್ದಲಿಗೆಂದೋ ಕೇಳುವವರಿಗೂ ಕೊಡಬೇಡಿ, ಕೊನೆಗೆ ಅದು ಮಣ್ಣಿಗೇ ಇಳಿಯುತ್ತದೆ. ತಣ್ಣಗಾದ ಮೇಲೆ ಹೊಸ ಆಯಿಲ್ ಬಂದ ಡಬ್ಬಿಗೇ ಫನಲಿನಿಂದ ತುಂಬಿ, ನೀರು, ಕೂಲೆಂಟ್ ಏನೂ ಬೆರೆಸದೆ ಮುಚ್ಚಳ ಬಿಗಿಯಿರಿ. ಅಧಿಕೃತ ಮರುಬಳಕೆದಾರರಿಗೆ ಆಯಿಲ್ ಕೊಡುವ ಸರ್ವಿಸ್ ಸೆಂಟರ್ ಅಥವಾ ದೊಡ್ಡ ಗ್ಯಾರೇಜಿಗೆ ಒಯ್ದರೆ ತಮ್ಮ ಪೀಪಾಯಿಗೆ ಹಾಕಿಕೊಳ್ಳುತ್ತಾರೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಡಬ್ಬಿ ಸೀಳುವುದು ಅದಾದ ಮೇಲೆ. ಹಳೆ ಫಿಲ್ಟರನ್ನು ಬಾಯಿ ಕೆಳಗಾಗಿ ರಾತ್ರಿಯಿಡೀ ಟ್ರೇಯಲ್ಲಿ ಬಸಿಯಲು ಬಿಟ್ಟು ಅದರ ಜೊತೆಗೇ ಕೊಡಿ.

ದಿನಾಂಕ, ಓಡೋಮೀಟರ್ ಅಂಕಿ, ಆಯಿಲ್ ಗ್ರೇಡ್, ಫಿಲ್ಟರ್ ನಂಬರ್ ಬರೆದ ಚೀಟಿಯನ್ನು ಬಾನೆಟ್ ಒಳಗೆ ಅಂಟಿಸಿ, ಬಿಲ್‌ಗಳನ್ನು ಪುಸ್ತಕದಲ್ಲಿಡಿ. ಮರುದಿನ ಬೆಳಗ್ಗೆ ಕಾರಿನ ಕೆಳಗೆ ಹಾಸಿಟ್ಟ ರಟ್ಟು ನೋಡಿ, ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಕಡ್ಡಿ ನೋಡಿ. ಚೌತಿಗೋ ದೀಪಾವಳಿಗೋ ಬೆಳಗಾವಿ, ಹುಬ್ಬಳ್ಳಿ, ಉಡುಪಿಯ ಕಡೆ ಹೊರಡುವವರು ಈ ಕೆಲಸವನ್ನು ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ. ಒಂದು ವಾರ ಮೊದಲೇ ಮುಗಿಸಿದರೆ ಊರೊಳಗಿನ ಓಡಾಟದಲ್ಲೇ ಸೋರಿಕೆ ಗೊತ್ತಾಗುತ್ತದೆ, ಸರಿಪಡಿಸಲು ಅಂಗಡಿಯೂ ತೆರೆದಿರುತ್ತದೆ.